ಬಾಸ್ಟನ್ ಮೇಲೆ ಬಿದ್ದ 3.5 ಕೋಟಿ ಟನ್

2015ರ ಫೆಬ್ರುವರಿ 9, ಸೋಮವಾರ. ಸಂಜೆ 7 ಗಂಟೆಗೆ ಅಮೆರಿಕದ ಬಾಸ್ಟನ್ ನಗರದಲ್ಲಿ ರೈಲುಗಳೆಲ್ಲ ನಿಂತವು. ಮರುದಿನ ಬೆಳಗಿನಿಂದ ರಾತ್ರಿಯವರೆಗೆ ಒಂದೂ ಓಡಲಿಲ್ಲ. ಅಲ್ಲಿನವರು ‘ಟಿ’ ಎಂದು ಕರೆಯುವ ಈ ಸಾರಿಗೆಯಲ್ಲಿ ಬಸ್ಸು, ಮೆಟ್ರೊ, ಉಪನಗರ ರೈಲು ಎಲ್ಲ ಸೇರಿ ಕೆಲಸದ ದಿನಕ್ಕೆ ಸುಮಾರು 13 ಲಕ್ಷ ಪ್ರಯಾಣಗಳು ನಡೆಯುತ್ತಿದ್ದವು. ನಗರದ ಜನಸಂಖ್ಯೆಯೇ ಆಗ ಆರೂವರೆ ಲಕ್ಷದ ಆಸುಪಾಸು. ಅಮೆರಿಕದ ಮೊದಲ ಸುರಂಗ ರೈಲು 1897ರಲ್ಲಿ ಓಡಿದ್ದೂ ಇದೇ ಊರಲ್ಲಿ. ಚಳಿಗಾಲವೆಂದರೆ ಹಿಮ ಎಂದೇ ತಿಳಿದು ಬೆಳೆದ ಊರು ಹಿಮಕ್ಕೆ ಸೋತದ್ದು ಹೇಗೆ?

ಮೊದಲು ಬಿದ್ದದ್ದೆಷ್ಟು ನೋಡೋಣ. ಬಾಸ್ಟನ್ನಿನಲ್ಲಿ ಇಡೀ ಚಳಿಗಾಲಕ್ಕೆ ಸರಾಸರಿ 110 ಸೆಂಟಿಮೀಟರ್ ಹಿಮ ಬೀಳುತ್ತದೆ. ಆ ವರ್ಷ ಫೆಬ್ರುವರಿ ಒಂದೇ ತಿಂಗಳಲ್ಲಿ 164 ಸೆಂಟಿಮೀಟರ್ ಬಿತ್ತು. ಜನವರಿ ಕೊನೆಯ ವಾರದಿಂದ ಲೆಕ್ಕ ಹಿಡಿದರೆ 30 ದಿನಗಳಲ್ಲಿ ಸುಮಾರು 240 ಸೆಂಟಿಮೀಟರ್. ಚಳಿಗಾಲ ಮುಗಿಯುವಾಗ ವಿಮಾನ ನಿಲ್ದಾಣದ ಮಾಪಕದಲ್ಲಿ ದಾಖಲಾದದ್ದು 110.6 ಇಂಚು, ಅಂದರೆ 281 ಸೆಂಟಿಮೀಟರ್. ಬಾಸ್ಟನ್ನಿನ ದಾಖಲೆಗಳಲ್ಲಿ ಅದಕ್ಕಿಂತ ಹೆಚ್ಚಿನ ಅಂಕಿ ಇರಲಿಲ್ಲ.

ಇದನ್ನು ನಗರದ 125 ಚದರ ಕಿಲೋಮೀಟರ್ ನೆಲದ ಮೇಲೆ ಹರಡಿ ನೋಡಿ. ಎಲ್ಲೆಡೆ ಒಂದೇ ಸಮ ಬಿತ್ತೆಂದುಕೊಂಡರೆ 35 ಕೋಟಿ ಘನ ಮೀಟರ್ ಹಿಮ. ಹತ್ತು ಪಾಲು ಹಿಮ ಕರಗಿದರೆ ಒಂದು ಪಾಲು ನೀರು ಎಂಬುದು ರೂಢಿಯ ಲೆಕ್ಕ. ಹಾಗಾಗಿ ತೂಕ ಸುಮಾರು 3.5 ಕೋಟಿ ಟನ್.

ಅಚ್ಚರಿ ಇರುವುದು ಮುಂದಿನ ಲೆಕ್ಕದಲ್ಲಿ. ಅಷ್ಟನ್ನೂ ಕರಗಿಸಿ, ಅಣೆಕಟ್ಟೆಯ ನೀರನ್ನು ನಾವು ಅಳೆಯುವಂತೆ ಟಿಎಂಸಿಯಲ್ಲಿ ಅಳೆದರೆ ಸಿಗುವುದು ಒಂದೂಕಾಲು ಟಿಎಂಸಿಗಿಂತ ತುಸು ಕಡಿಮೆ. ಕನ್ನಂಬಾಡಿ ತುಂಬಿದಾಗ ಅದರಲ್ಲಿರುವುದು 49 ಟಿಎಂಸಿ. ಇಷ್ಟೇ ನೀರು ತಿಂಗಳಿಡೀ ಮಳೆಯಾಗಿ ಸುರಿದಿದ್ದರೆ ಚರಂಡಿ ಹಿಡಿದು ಸಮುದ್ರ ಸೇರುತ್ತಿತ್ತು. ಮಳೆ ಹರಿದು ಹೋಗುತ್ತದೆ, ಹಿಮ ಬಿದ್ದಲ್ಲೇ ಕೂರುತ್ತದೆ. ಒಂದು ಕಿಲೋ ಮಂಜುಗಡ್ಡೆ ಬರೀ ಕರಗುವುದಕ್ಕೆ ಬೇಕಾಗುವ ಶಾಖದಲ್ಲಿ ಒಂದು ಕಿಲೋ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಬಾಸ್ಟನ್ನಿನ ಮೇಲೆ ಬಿದ್ದದ್ದನ್ನೆಲ್ಲ ಕರಗಿಸಲು ಬೇಕಾಗುವ ಶಾಖವನ್ನು ವಿದ್ಯುತ್ತಿನ ಲೆಕ್ಕಕ್ಕೆ ತಂದರೆ 325 ಕೋಟಿ ಯೂನಿಟ್! ಬೇರೆ ವರ್ಷಗಳಲ್ಲಿ ಈ ಕೆಲಸವನ್ನು ಎರಡು ಹಿಮಪಾತಗಳ ನಡುವಿನ ಬಿಸಿಲು ಮಾಡಿಕೊಡುತ್ತಿತ್ತು. ಆ ಫೆಬ್ರುವರಿಯ ಸರಾಸರಿ ಉಷ್ಣತೆ ಮೈನಸ್ 7 ಡಿಗ್ರಿ. ಬಿದ್ದದ್ದು ಕರಗುವ ಮೊದಲೇ ಮತ್ತಷ್ಟು ಬೀಳುತ್ತಿತ್ತು.

ಲಾರಿಗಳಲ್ಲಿ ಸಾಗಿಸಿ ಬಯಲಲ್ಲಿ ಸುರಿದ ಹಿಮದ ಒಂದು ರಾಶಿ 75 ಅಡಿ ಎತ್ತರಕ್ಕೆ ಬೆಳೆದಿತ್ತು. ಅದು ಪೂರ್ತಿ ಕರಗಿತೆಂದು ನಗರದ ಮೇಯರ್ ಪ್ರಕಟಿಸಿದ್ದು ಜುಲೈ 14ರಂದು, ನಡು ಬೇಸಿಗೆಯಲ್ಲಿ.

ಇಷ್ಟು ದೊಡ್ಡ ಅಂಕಿಗಳ ಮುಂದೆ, ರೈಲನ್ನು ನಿಲ್ಲಿಸಿದ ಹಿಮದ ಪ್ರಮಾಣ ಬಲು ಸಣ್ಣದು. ಸುರಂಗದೊಳಗೆ ಹಿಮ ಬೀಳುವುದಿಲ್ಲ. ಆದರೆ ಊರಾಚೆ ರೈಲು ಸುರಂಗ ಬಿಟ್ಟು ಬಯಲಿಗೆ ಬರುತ್ತದೆ. ಅಲ್ಲಿ ಓಡುವ ಎರಡು ಹಳಿಗಳ ಪಕ್ಕದಲ್ಲೇ 600 ವೋಲ್ಟ್ ವಿದ್ಯುತ್ ಹೊತ್ತ ಮೂರನೇ ಹಳಿ ಇದೆ. ಬೋಗಿಯ ಬದಿಯಿಂದ ಚಾಚಿದ ಲೋಹದ ತುಂಡೊಂದು ಆ ಹಳಿಗೆ ಉಜ್ಜಿಕೊಂಡೇ ಸಾಗಬೇಕು. ನಡುವೆ ಮಂಜುಗಡ್ಡೆಯ ತೆಳುವಾದ ಪದರ ಬಂದರೂ ಸಂಪರ್ಕ ತಪ್ಪುತ್ತದೆ, ಕಿಡಿ ಹಾರುತ್ತದೆ, ರೈಲು ಬಲ ಕಳೆದುಕೊಳ್ಳುತ್ತದೆ. ಬೋಗಿಯ ಅಡಿಯ ಹಳೆಯ ಡಿ.ಸಿ. ಮೋಟಾರುಗಳ ಕಥೆ ಇನ್ನೂ ಕಷ್ಟದ್ದು. ತಂಪಾಗಲೆಂದು ಅವು ಗಾಳಿ ಎಳೆದುಕೊಳ್ಳುತ್ತವೆ. ಗಾಳಿಯ ಜತೆ ಹಿಟ್ಟಿನಷ್ಟು ನುಣುಪಾದ ಹಿಮವೂ ಒಳಗೆ ಹೋಗಿ, ಬಿಸಿ ತಂತಿಸುರುಳಿಯ ಮೇಲೆ ನೀರಾಗಿ, ಶಾರ್ಟ್ ಆಗಿ ಮೋಟಾರು ಕೆಡುತ್ತದೆ. ಫೆಬ್ರುವರಿ 9ರಂದು ಹೀಗೆ ಬಲ ಕಳೆದುಕೊಂಡ, ರೆಡ್ ಲೈನ್ ಎಂಬ ಮೆಟ್ರೊ ಮಾರ್ಗದ ಒಂದು ರೈಲಿನಲ್ಲಿ ಸುಮಾರು 50 ಪ್ರಯಾಣಿಕರು ಎರಡು ಗಂಟೆಗೂ ಹೆಚ್ಚು ಕಾಲ ಸಿಕ್ಕಿಕೊಂಡಿದ್ದರು.

ರೆಡ್ ಲೈನಿನಲ್ಲಿ ಆಗ ಓಡುತ್ತಿದ್ದ ಅತಿ ಹಳೆಯ ಬೋಗಿಗಳು 1969-70ರಷ್ಟು ಹಿಂದಿನವು. ಆರೆಂಜ್ ಲೈನಿನವಕ್ಕೆ 35 ವರ್ಷ ತುಂಬುತ್ತಿತ್ತು. ಯಂತ್ರಗಳು ಇಷ್ಟು ಸೋತ ಮೇಲೆ ಉಳಿದದ್ದು ರಟ್ಟೆಬಲ. ನೌಕರರು, ನ್ಯಾಷನಲ್ ಗಾರ್ಡ್ ಸೈನಿಕರು, ಜೈಲಿನ ಕೈದಿಗಳು ಸಲಿಕೆ ಹಿಡಿದು ಹಳಿ ಬಿಡಿಸಿದರು. ಫೆಬ್ರುವರಿ 11ರಂದು ‘ಟಿ’ ನಡೆಸುವ ಸಂಸ್ಥೆಯ ಮುಖ್ಯಸ್ಥೆ ಬೆವರ್ಲಿ ಸ್ಕಾಟ್ ರಾಜೀನಾಮೆ ಪ್ರಕಟಿಸಿದರು.

ಏಪ್ರಿಲ್‌ನಲ್ಲಿ ರಾಜ್ಯಪಾಲರು ನೇಮಿಸಿದ್ದ ಸಮಿತಿ ವರದಿ ಕೊಟ್ಟಿತು. ಆಗ ತಿಳಿದ ಅಂಕಿಯ ಮುಂದೆ 281 ಸೆಂಟಿಮೀಟರ್ ಕೂಡ ಚಿಕ್ಕದು. ಮಾಡಬೇಕಿದ್ದು ಮಾಡದೆ ಮುಂದೂಡಿದ್ದ ದುರಸ್ತಿ ಮತ್ತು ಬದಲಾವಣೆಗಳ ಮೊತ್ತ ಸುಮಾರು 670 ಕೋಟಿ ಡಾಲರ್. ಅಂದಿನ ದರದಲ್ಲಿ ಸುಮಾರು 42 ಸಾವಿರ ಕೋಟಿ ರೂಪಾಯಿ. ಇದು ಒಂದು ಚಳಿಗಾಲದಲ್ಲಿ ಬಿದ್ದ ಹೊರೆಯಲ್ಲ. ‘ಈ ವರ್ಷ ಹೇಗೋ ನಡೆಯಲಿ’ ಎಂದು ವರ್ಷ ವರ್ಷವೂ ಪೇರಿಸಿಟ್ಟದ್ದು. ಹಿಮ ಬೇಸಿಗೆಯಲ್ಲಾದರೂ ಕರಗಿತು, ಈ ರಾಶಿಯನ್ನು ಕರಗಿಸುವ ಬಿಸಿಲು ಇಲ್ಲ. ಮೂರನೇ ಹಳಿಯನ್ನು ಕಾಯಿಸುವ ಸಲಕರಣೆ ಮೊದಲಾದವಕ್ಕೆ ಆ ವರ್ಷ 8 ಕೋಟಿ ಡಾಲರಿಗೂ ಹೆಚ್ಚು ತೆಗೆದಿಟ್ಟರು. ಆರೆಂಜ್ ಲೈನಿಗೆ ಹೊಸ ರೈಲು ಬರಲು 2019ರ ಆಗಸ್ಟ್ ಆಯಿತು, ಹಳೆಯವು ಪೂರ್ತಿ ತೊಲಗಲು 2022.

ರೈಲು ನಿಂತ ದಿನ ಕೆಲವರು ಮನೆಯಲ್ಲೇ ಕುಳಿತು ಕೆಲಸ ಮಾಡಬಲ್ಲರು. ಆಸ್ಪತ್ರೆಯ ನರ್ಸ್, ಹೋಟೆಲಿನ ಅಡುಗೆಯವರು, ನೆಲ ಒರೆಸುವವರು, ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವವರು ಹಾಗೆ ಮಾಡಲಾರರು. ಮುಂದೂಡಿದ ದುರಸ್ತಿಯ ಬಡ್ಡಿ ಕಟ್ಟುವವರು ಅವರೇ. ಬೆಂಗಳೂರಿನ ‘ನಮ್ಮ ಮೆಟ್ರೊ’ ಕೂಡ 750 ವೋಲ್ಟಿನ ಮೂರನೇ ಹಳಿಯ ಮೇಲೆಯೇ 2011ರಿಂದ ಓಡುತ್ತಿದೆ. ನಮಗೆ ಹಿಮದ ಭಯವಿಲ್ಲ, ಆದರೆ ಬೋಗಿಗಳಿಗೆ ಇಲ್ಲಿಯೂ ವಯಸ್ಸಾಗುತ್ತದೆ. ಹೊಸ ಮಾರ್ಗ ಎಷ್ಟು ಕಿಲೋಮೀಟರ್ ಆಯಿತೆಂದು ಹೆಮ್ಮೆಯಿಂದ ಎಣಿಸುವ ನಾವು, ಈ ವರ್ಷ ಮಾಡಬೇಕಿದ್ದ ದುರಸ್ತಿಯಲ್ಲಿ ಎಷ್ಟು ಬಾಕಿ ಉಳಿಯಿತೆಂದೂ ಪ್ರತಿ ಬಜೆಟ್ಟಿನಲ್ಲಿ ಕೇಳಬೇಕು.