ಆರ್ಗನೈಸೇಷನಲ್ ಬಿಹೇವಿಯರ್‌ನಲ್ಲಿ ಪಿಎಚ್‌.ಡಿ.: ಏನು, ಹೇಗೆ, ಎಲ್ಲಿ?

ನೆರಿಯ, ಉಜಿರೆ, ಮೂಡುಬಿದಿರೆ ಕಡೆ ಎಂಬಿಎ, ಎಂ.ಕಾಂ. ಮುಗಿಸಿದವರಿಗೆ ಈಗ ಬರವಿಲ್ಲ. ಆದರೆ ಮುಂದೆ ಪಿಎಚ್‌.ಡಿ. ಮಾಡಬೇಕು ಎಂದುಕೊಂಡವರಿಗೆ ವಿಚಾರಿಸಲು ಹತ್ತಿರದಲ್ಲಿ ಯಾರೂ ಸಿಗುವುದಿಲ್ಲ. ಅದರಲ್ಲೂ ವಿಷಯ ‘ಆರ್ಗನೈಸೇಷನಲ್ ಬಿಹೇವಿಯರ್’ ಆಗಿದ್ದರೆ ಅದೇನೆಂದು ಮನೆಯವರಿಗೆ ತಿಳಿಸುವುದೇ ಒಂದು ಕೆಲಸ. ಮೊದಲು ಅಲ್ಲಿಂದಲೇ ಶುರು ಮಾಡೋಣ.

ಏನಿದು ಓಬಿ?

ಬ್ಯಾಂಕು, ಗೇರುಬೀಜದ ಕಾರ್ಖಾನೆ, ಹಾಲಿನ ಸೊಸೈಟಿ, ಆಸ್ಪತ್ರೆ ಇವೆಲ್ಲ ಹಲವರು ಸೇರಿ ಕೆಲಸ ಮಾಡುವ ಜಾಗಗಳು. ಅಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ, ಯಾಕೆ ಹಾಗೆ ನಡೆದುಕೊಳ್ಳುತ್ತಾರೆ ಎಂದು ಹುಡುಕುವ ಶಾಸ್ತ್ರವೇ ಆರ್ಗನೈಸೇಷನಲ್ ಬಿಹೇವಿಯರ್, ಚಿಕ್ಕದಾಗಿ ಓಬಿ. ಕನ್ನಡ ಪಠ್ಯಗಳಲ್ಲಿ ಇದನ್ನು ಸಾಂಸ್ಥಿಕ ವರ್ತನೆ ಎನ್ನುತ್ತಾರೆ.

‘ಇದು ಎಚ್‌ಆರ್ ಅಲ್ಲವೇ?’ ಎಂದು ಕೇಳಬಹುದು. ಎರಡೂ ಹತ್ತಿರದವು. ನೇಮಕ, ಸಂಬಳ, ಬಡ್ತಿ, ರಜೆ ನೋಡಿಕೊಳ್ಳುವುದು ಎಚ್‌ಆರ್. ಒಳ್ಳೆಯ ಸಂಬಳವಿದ್ದರೂ ಒಬ್ಬರು ಕೆಲಸ ಬಿಡುವುದೇಕೆ, ಕಡಿಮೆ ಸಂಬಳದಲ್ಲೂ ಇನ್ನೊಬ್ಬರು ಉಳಿಯುವುದೇಕೆ ಎಂದು ಕೇಳುವುದು ಓಬಿ.

ಹಳೆಯ ಉದಾಹರಣೆಯೊಂದು ಅಹಮದಾಬಾದಿನದು. ಅಲ್ಲಿನ ಕ್ಯಾಲಿಕೊ ಮಿಲ್ಲಿಗೆ ಹೊಸ ಸ್ವಯಂಚಾಲಿತ ಮಗ್ಗಗಳು ಬಂದಿದ್ದರೂ ಉತ್ಪಾದನೆ ಎಣಿಸಿದಷ್ಟು ಏರಲಿಲ್ಲ. 1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಇದನ್ನು ಅಧ್ಯಯನ ಮಾಡಿದರು. ಕೆಲಸವನ್ನು ಚೂರುಚೂರಾಗಿ ಒಬ್ಬೊಬ್ಬರಿಗೆ ಹಂಚಿದ್ದೇ ತೊಂದರೆ ಎಂದು ಕಂಡುಕೊಂಡರು. ಕೆಲವು ಮಗ್ಗಗಳ ಪೂರ್ತಿ ಹೊಣೆಯನ್ನು ಒಂದು ಸಣ್ಣ ಗುಂಪಿಗೇ ಕೊಟ್ಟಾಗ ಉತ್ಪಾದನೆಯೂ ಬಟ್ಟೆಯ ಗುಣಮಟ್ಟವೂ ಸುಧಾರಿಸಿದವು. ಯಂತ್ರ ಅದೇ, ಜನರೂ ಅವರೇ, ಬದಲಾದದ್ದು ಕೆಲಸದ ಹಂಚಿಕೆ.

ಪ್ರಶ್ನೆ ಸಂಶೋಧನೆಯಾಗುವುದು ಹೇಗೆ?

ಎಂಬಿಎಯಲ್ಲಿ ಇತರರು ಕಂಡುಕೊಂಡದ್ದನ್ನು ಕಲಿಯುತ್ತೀರಿ. ಪಿಎಚ್‌.ಡಿ.ಯಲ್ಲಿ ಹೊಸದನ್ನು ನೀವೇ ಕಂಡುಕೊಳ್ಳಬೇಕು. ಹಾಗಾಗಿ ಒಳ್ಳೆಯ ಪ್ರಶ್ನೆ ಮೊದಲು, ಅದಕ್ಕೆ ತಕ್ಕ ಗೈಡ್ ಆಮೇಲೆ, ಸಂಸ್ಥೆಯ ಹೆಸರು ಕೊನೆಗೆ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡಿ ಕಷ್ಟಪಡುತ್ತಾರೆ.

ಪ್ರಶ್ನೆಗಾಗಿ ದೂರ ಹೋಗಬೇಕಿಲ್ಲ. ಕರಾವಳಿ ಬ್ಯಾಂಕುಗಳ ತವರು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ, ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಸೇರಿದವು. ಬೋರ್ಡು ಒಂದೇ ದಿನದಲ್ಲಿ ಬದಲಾಗುತ್ತದೆ. ಹಳೆಯ ನೌಕರರು ಯಾವುದನ್ನು ‘ನಮ್ಮ ಬ್ಯಾಂಕು’ ಎನ್ನುತ್ತಾರೆ? ಆ ಭಾವನೆಯಿಂದ ಅವರ ಕೆಲಸದಲ್ಲಿ ವ್ಯತ್ಯಾಸವಾಗುತ್ತದೆಯೇ? ಇದು ಅಪ್ಪಟ ಓಬಿ ಪ್ರಶ್ನೆ.

ಮುಂದಿನ ಹೆಜ್ಜೆ ಓದು. ನೌಕರ ತನ್ನನ್ನು ಸಂಸ್ಥೆಯ ಜೊತೆ ಗುರುತಿಸಿಕೊಳ್ಳುವುದರ ಬಗ್ಗೆ ಆಶ್‌ಫೋರ್ತ್ ಮತ್ತು ಮೇಲ್ 1989ರಲ್ಲಿ ಬರೆದ ಲೇಖನವಿದೆ. ಜನ ಸಂಸ್ಥೆಯಲ್ಲಿ ಉಳಿಯಲು ಮೂರು ಕಾರಣಗಳನ್ನು ಮೇಯರ್ ಮತ್ತು ಆಲೆನ್ 1991ರಲ್ಲಿ ವಿಂಗಡಿಸಿದರು: ಪ್ರೀತಿಯಿಂದ, ಬಿಟ್ಟರೆ ನಷ್ಟವೆಂಬ ಲೆಕ್ಕದಿಂದ, ಬಿಡುವುದು ಸರಿಯಲ್ಲವೆಂಬ ಕಟ್ಟುಪಾಡಿನಿಂದ. ಇವನ್ನೆಲ್ಲ ಓದಿದ ಮೇಲೆ ಯಾರೂ ಇನ್ನೂ ಕೇಳದೆ ಬಿಟ್ಟದ್ದು ಯಾವುದೆಂದು ತಿಳಿಯುತ್ತದೆ. ಸಂಶೋಧಕರು ಅದನ್ನು ರಿಸರ್ಚ್ ಗ್ಯಾಪ್, ಅಂದರೆ ಸಂಶೋಧನೆಯ ತೆರವು, ಎನ್ನುತ್ತಾರೆ.

ಆಮೇಲೆ ಮಾಹಿತಿ ಸಂಗ್ರಹ. ಕೆಲವರು ಪ್ರಶ್ನಾವಳಿ ಹಂಚುತ್ತಾರೆ, ಕೆಲವರು ಕೂತು ದೀರ್ಘ ಸಂದರ್ಶನ ಮಾಡುತ್ತಾರೆ. ಸಂಸ್ಥೆಯ ಲಿಖಿತ ಅನುಮತಿ ಬೇಕು, ಮಾತಾಡಿದವರ ಹೆಸರು ಗುಟ್ಟಾಗಿರಬೇಕು. ನಮ್ಮವರಿಗೆ ಇಲ್ಲೊಂದು ಅನುಕೂಲವಿದೆ. ಕಾರ್ಖಾನೆಯ ಹೆಂಗಸರು ಅಥವಾ ಸ್ವಸಹಾಯ ಸಂಘದ ಸದಸ್ಯರು ತುಳುವಿನಲ್ಲಿ ಬಿಚ್ಚಿ ಹೇಳುವಷ್ಟನ್ನು ಇಂಗ್ಲಿಷ್ ಫಾರಂನಲ್ಲಿ ಹೇಳುವುದಿಲ್ಲ. ಪ್ರಶ್ನಾವಳಿಯನ್ನು ಒಬ್ಬರು ಕನ್ನಡಕ್ಕೆ ತಂದು, ಮೂಲ ನೋಡದ ಇನ್ನೊಬ್ಬರು ಮರಳಿ ಇಂಗ್ಲಿಷಿಗೆ ಮಾಡಿದರೆ ಅರ್ಥ ಎಲ್ಲಿ ಜಾರಿದೆ ಎಂದು ಗೊತ್ತಾಗುತ್ತದೆ.

ಪ್ರವೇಶ ಮತ್ತು ಅವಧಿ

ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿಯ 2022ರ ನಿಯಮದಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ನಾಲ್ಕು ವರ್ಷದ ಪದವಿಯಿಂದ ನೇರ ಬರುವವರಿಗೆ ಶೇ. 75. ಮೀಸಲಾತಿ ವರ್ಗದವರಿಗೆ ಶೇ. 5 ಸಡಿಲಿಕೆ ಇದೆ. ಎಂ.ಫಿಲ್. ಈಗ ಇಲ್ಲ.

ಪ್ರವೇಶಕ್ಕೆ ಮುಖ್ಯ ದಾರಿ ಯುಜಿಸಿ ನೆಟ್ ಪರೀಕ್ಷೆ. 2024ರಿಂದ ಇದರ ಅಂಕವನ್ನು ಪಿಎಚ್‌.ಡಿ. ಪ್ರವೇಶಕ್ಕೂ ಬಳಸಬಹುದು. ಕೆಲವು ವಿಶ್ವವಿದ್ಯಾಲಯಗಳು ತಮ್ಮದೇ ಪ್ರವೇಶ ಪರೀಕ್ಷೆ ನಡೆಸುತ್ತವೆ. ಐಐಎಂಗಳು ಕ್ಯಾಟ್, ಜಿಮ್ಯಾಟ್‌ನಂಥ ಪರೀಕ್ಷೆಗಳ ಅಂಕವನ್ನೂ ನೋಡುತ್ತವೆ. ಪರೀಕ್ಷೆ ಯಾವುದಾದರೂ ಕೊನೆಗೆ ಸಂದರ್ಶನ ಇದ್ದೇ ಇರುತ್ತದೆ.

ಸೇರಿದ ಮೇಲೆ ಮೊದಲು ಕೋರ್ಸ್‌ವರ್ಕ್, ಅಂದರೆ ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ ಮುಂತಾದ ತರಗತಿಗಳು. ಬಳಿಕ ಸಿನಾಪ್ಸಿಸ್, ಅಂದರೆ ಏನು ಮಾಡುತ್ತೀರಿ ಎಂಬ ಯೋಜನೆ. ನಂತರ ಮಾಹಿತಿ ಸಂಗ್ರಹ, ಥೀಸಿಸ್ ಬರವಣಿಗೆ, ಕೊನೆಗೆ ವೈವಾ ಎಂಬ ಮೌಖಿಕ ಪರೀಕ್ಷೆ. ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೆ ಮತ್ತೆ 2 ವರ್ಷದ ಸಡಿಲಿಕೆಯೂ 240 ದಿನಗಳವರೆಗಿನ ಹೆರಿಗೆ ರಜೆಯೂ ಇವೆ.

ಖರ್ಚು ಎಷ್ಟು?

ಜೆಆರ್‌ಎಫ್ ಸಿಕ್ಕಿದರೆ ಚಿಂತೆ ಕಡಿಮೆ. ಇದು ನೆಟ್‌ನಲ್ಲಿ ಹೆಚ್ಚಿನ ಅಂಕ ಪಡೆದವರಿಗೆ ಸಿಗುವ ಸಂಶೋಧನಾ ವೇತನ. 2023ರ ಜನವರಿಯಿಂದ ಇದು ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. ಐಐಎಂ ಬೆಂಗಳೂರಿನಲ್ಲಿ ಪೂರ್ಣಾವಧಿ ಪಿಎಚ್‌.ಡಿ.ಯವರಿಗೆ ಬೋಧನಾ ಶುಲ್ಕವಿಲ್ಲ, ತಿಂಗಳ ಫೆಲೋಶಿಪ್ ಇದೆ.

ಫೆಲೋಶಿಪ್ ಇಲ್ಲದವರು ಶುಲ್ಕದ ಜೊತೆ ಓಡಾಟ, ಮುದ್ರಣ, ಅನುವಾದದ ಖರ್ಚನ್ನೂ ಲೆಕ್ಕ ಹಾಕಿ. ಅಂಕಿಅಂಶ ವಿಶ್ಲೇಷಣೆಗೆ ದುಬಾರಿ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. ಆರ್, ಜಾಮೊವಿ ಎಂಬ ಉಚಿತ ಸಾಫ್ಟ್‌ವೇರುಗಳು ಸಾಕು.

ಎಲ್ಲಿ ಮಾಡಬಹುದು?

ಹತ್ತಿರದ್ದು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ವ್ಯವಹಾರ ಆಡಳಿತ ವಿಭಾಗ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿಯೂ ಮ್ಯಾನೇಜ್‌ಮೆಂಟ್ ಪಿಎಚ್‌.ಡಿ. ಇದೆ. ಮಣಿಪಾಲದ ಟ್ಯಾಪ್ಮಿ ಈಗ ಮಾಹೆ ವಿಶ್ವವಿದ್ಯಾಲಯದ ಭಾಗ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಓಬಿ ಮತ್ತು ಎಚ್‌ಆರ್ ಸೇರಿ ಒಂದೇ ವಿಭಾಗ. ಮೊದಲು ಐಐಎಂಗಳು ‘ಫೆಲೋ’ ಎಂಬ ಬಿರುದು ಕೊಡುತ್ತಿದ್ದವು. 2018ರಲ್ಲಿ ಹೊಸ ಕಾಯ್ದೆ ಜಾರಿಯಾದ ಮೇಲೆ ಪಿಎಚ್‌.ಡಿ. ಪದವಿಯನ್ನೇ ಕೊಡುತ್ತಿವೆ.

ಕೆಲವು ಸಂಶಯಗಳು

ಕೆಲಸದಲ್ಲಿದ್ದುಕೊಂಡು ಮಾಡಬಹುದೇ? ಪಾರ್ಟ್‌ಟೈಮ್ ಪಿಎಚ್‌.ಡಿ.ಗೆ ಅವಕಾಶವಿದೆ, ಆದರೆ ಕೆಲಸ ಕೊಟ್ಟವರಿಂದ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲ ಎಂಬ ಪತ್ರ, ಬೇಕು. ಆನ್‌ಲೈನ್ ಅಥವಾ ದೂರಶಿಕ್ಷಣದ ಪಿಎಚ್‌.ಡಿ. ನಂಬಬೇಡಿ. ಯುಜಿಸಿ ಅದನ್ನು ಒಪ್ಪುವುದಿಲ್ಲ.

ಕಾಲೇಜಿನಲ್ಲಿ ಕೆಲಸಕ್ಕೆ ಪಿಎಚ್‌.ಡಿ. ಬೇಕೇಬೇಕೇ? 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕರ ನೇಮಕಕ್ಕೆ ಯುಜಿಸಿಯ ಕನಿಷ್ಠ ಅರ್ಹತೆ ನೆಟ್ ಅಥವಾ ಕೆಸೆಟ್‌ನಂಥ ಪರೀಕ್ಷೆ. ಪಾಠ ಮಾಡುವ ಕೆಲಸವಷ್ಟೇ ಗುರಿಯಾದರೆ ಮೊದಲು ಅದನ್ನು ಪಾಸು ಮಾಡಿ.

ಗೈಡ್ ಸಿಗುವುದು ಹೇಗೆ? ಪ್ರೊಫೆಸರ್ ಒಮ್ಮೆಗೆ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಜನರನ್ನಷ್ಟೇ ತೆಗೆದುಕೊಳ್ಳಬಹುದು. ನಿವೃತ್ತಿಗೆ 3 ವರ್ಷದೊಳಗಿರುವವರು ಹೊಸಬರನ್ನು ಸೇರಿಸುವಂತಿಲ್ಲ. ಹಾಗಾಗಿ ಜಾಗ ಇದೆಯೇ ಎಂದು ಮೊದಲೇ ವಿಚಾರಿಸಿ.

ಇವತ್ತೇ ಮಾಡಬಹುದಾದ ಕೆಲಸವೊಂದಿದೆ. ‘ಶೋಧಗಂಗಾ’ ಎಂಬ ಜಾಲತಾಣದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಥೀಸಿಸ್‌ಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ವಿಷಯದ ಎರಡು ಮೂರು ಥೀಸಿಸ್ ತೆರೆದು ಕೊನೆಯ ಅಧ್ಯಾಯ ಓದಿ. ಮುಂದೆ ಆಗಬೇಕಾದ ಕೆಲಸ ಯಾವುದೆಂದು ಸಂಶೋಧಕರು ಅಲ್ಲಿಯೇ ಬರೆದಿರುತ್ತಾರೆ. ಗೈಡ್ ಹೆಸರು ಮೊದಲ ಪುಟಗಳಲ್ಲಿರುತ್ತದೆ. ನಿಮ್ಮ ಪ್ರಶ್ನೆ ಏನು, ಯಾರನ್ನು ಮಾತಾಡಿಸುತ್ತೀರಿ, ಆ ಜಾಗಕ್ಕೆ ನಿಮಗೆ ಪ್ರವೇಶ ಹೇಗೆ ಸಿಗುತ್ತದೆ ಎಂದು ಒಂದು ಪುಟದಲ್ಲಿ ಬರೆದು ಅವರಿಗೆ ಇಮೇಲ್ ಮಾಡಿ. ಬರೇ ‘ಪಿಎಚ್‌.ಡಿ. ಮಾಡಲು ಆಸಕ್ತಿ ಇದೆ’ ಎಂಬ ಪತ್ರಕ್ಕಿಂತ ಆ ಒಂದು ಪುಟಕ್ಕೆ ಉತ್ತರ ಬರುವ ಸಾಧ್ಯತೆ ಹೆಚ್ಚು.