‘ನುಡಿ’ಯನ್ನು ತಡೆಯುವ ನೀಲಿ ಫಲಕ

ಹೊಸಪೇಟೆಯ ಕಚೇರಿಗಳ ಆಸುಪಾಸಿನಲ್ಲಿ ಅರ್ಜಿ, ಅಫಿಡವಿಟ್ಟು, ಕರಾರುಪತ್ರ, ಲಗ್ನಪತ್ರಿಕೆಗಳನ್ನು ಟೈಪು ಮಾಡಿಕೊಟ್ಟು ಜೀವನ ಸಾಗಿಸುವ ಡಿಟಿಪಿ ಅಂಗಡಿಗಳಿಗೆ ಹೊಸ ಕಂಪ್ಯೂಟರು ಬಂದರೆ, ಅದರೊಳಗೆ ಮೊತ್ತಮೊದಲು ಪ್ರತಿಷ್ಠಾಪನೆಯಾಗಬೇಕಾದದ್ದು ಕನ್ನಡ ಟೈಪಿಸುವ ತಂತ್ರಾಂಶವಾದ ‘ನುಡಿ’. ಆದರೆ ಅದರ ಹಳೆಯ ಸೆಟಪ್ ಕಡತವನ್ನು ಒತ್ತಿದೊಡನೆ ವಿಂಡೋಸಿನ ನೀಲಿ ಫಲಕವೊಂದು ಅಡ್ಡವಾಗಿ ನಿಂತು, ಇದನ್ನು ಪ್ರಕಟಿಸಿದವರಾರೋ ತಿಳಿಯದು, ಆದಕಾರಣ ತಡೆದಿದ್ದೇನೆ ಎಂದು ಇಂಗ್ಲಿಷಿನಲ್ಲಿ ಸಾರುವುದುಂಟು. ‘ಮೋರ್ ಇನ್ಫೋ ಒತ್ರಿ, ಆಮ್ಯಾಲೆ ರನ್ ಎನಿವೇ ಒತ್ರಿ’ ಎಂಬುದು ಇದಕ್ಕೆ ಈ ಸೀಮೆಯಲ್ಲಿ ಬಾಯಿಂದ ಬಾಯಿಗೆ ಹರಡಿರುವ ಪರಿಹಾರ. 2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆಗೊಂಡು ಹೊಸಪೇಟೆ ಅದರ ಕೇಂದ್ರವಾದಮೇಲೆ ಕಾಗದಪತ್ರಗಳ ವ್ಯವಹಾರ ಹೆಚ್ಚಿತು. ಅದರೊಡನೆ ಈ ಪರಿಹಾರದ ಪ್ರಚಾರವೂ ಹೆಚ್ಚಿರಬೇಕು.

ಕನ್ನಡದ ಅಕ್ಷರಗಳು ಗಣಕಯಂತ್ರವನ್ನು ಹೊಕ್ಕ ಕಾಲದಲ್ಲಿ ಇಂಥ ಕಾವಲು ಇರಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ನಾಡೋಜ ಗೌರವ ಪಡೆದ ಕೆ.ಪಿ. ರಾಯರು ನಮ್ಮ ವರ್ಣಮಾಲೆಯ ಧ್ವನಿಕ್ರಮವನ್ನನುಸರಿಸಿ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶ ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಸರ್ಕಾರದ ಮನ್ನಣೆ ಪಡೆದು, ಉಚಿತವಾಗಿ ಕಚೇರಿಯಿಂದ ಕಚೇರಿಗೆ ಸಂಚರಿಸಿತು. ಆಗಿನ ವಿಂಡೋಸ್ ಎಕ್ಸ್‌ಪಿಯಲ್ಲಿ ಯಂತ್ರದ ಮುಂದೆ ಕುಳಿತವನೇ ಬಹುಮಟ್ಟಿಗೆ ಅದರ ಸರ್ವಾಧಿಕಾರಿಯಾಗಿದ್ದುದರಿಂದ, ಸೀಡಿಯೊಂದನ್ನು ತೂರಿಸಿ ಫಾಂಟುಗಳನ್ನೂ ಕೀಲಿಮಣೆಯ ಚಾಲಕವನ್ನೂ ಒಳಗಿಳಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಕಾವಲಿಲ್ಲದ ಆ ಕಾಲದ ಫಲವನ್ನು ಲೋಕವೆಲ್ಲ ಉಂಡಿತು. 2000ದಲ್ಲಿ ಪ್ರೇಮಪತ್ರದ ವೇಷದಲ್ಲಿ ಬಂದ ‘ಐ ಲವ್ ಯು’ ಎಂಬ ಹುಳುವೂ 2003ರಲ್ಲಿ ‘ಬ್ಲಾಸ್ಟರ್’ ಎಂಬುದೂ ಲಕ್ಷಾಂತರ ಯಂತ್ರಗಳನ್ನು ಕೆಡಿಸಿದವು. ಇನ್ನುಮುಂದೆ ಹೊಸ ಸೌಕರ್ಯಗಳಿಗಿಂತ ಭದ್ರತೆಯೇ ಮುಖ್ಯವೆಂದು 2002ರ ಜನವರಿಯಲ್ಲಿ ಬಿಲ್ ಗೇಟ್ಸ್ ತನ್ನ ಕಂಪನಿಯ ನೌಕರರಿಗೆ ಬರೆದ ಪತ್ರ ಪ್ರಸಿದ್ಧವಾಗಿದೆ. 2004ರ ಎಕ್ಸ್‌ಪಿ ಪರಿಷ್ಕರಣದಲ್ಲಿ, ಅಂತರ್ಜಾಲದಿಂದ ಇಳಿಸಿಕೊಂಡ ಕಡತಕ್ಕೆ ‘ಇದು ಹೊರಗಿನಿಂದ ಬಂದದ್ದು’ ಎಂಬ ಗುಪ್ತವಾದ ಚೀಟಿಯನ್ನು ಅಂಟಿಸುವ ಏರ್ಪಾಡಾಯಿತು. 2007ರ ವಿಂಡೋಸ್ ವಿಸ್ತಾದಲ್ಲಿ ಅನುಷ್ಠಾಪನೆಗೆ ಮುನ್ನ ಒಪ್ಪಿಗೆ ಕೇಳುವ ಪದ್ಧತಿ ಬಂದಿತು. 2012ರ ವಿಂಡೋಸ್ 8ರಲ್ಲಿ ಆ ನೀಲಿ ಫಲಕವನ್ನು ಹಿಡಿದ ಸ್ಮಾರ್ಟ್‌ಸ್ಕ್ರೀನೆಂಬ ಕಾವಲುಗಾರನು ಯಂತ್ರದ ಹೆಬ್ಬಾಗಿಲಿಗೇ ಬಂದು ನಿಂತನು.

ಈ ಕಾವಲುಗಾರನು ಒಳಬರುವ ತಂತ್ರಾಂಶದ ಗುಣವನ್ನು ವಿಶೇಷವಾಗಿ ವಿಚಾರಿಸುವುದಿಲ್ಲ. ಅದರ ಮೇಲೆ ಯಾರ ಸಹಿಯಿದೆ, ಎಷ್ಟು ಜನ ಇದನ್ನು ಈಗಾಗಲೇ ಇಳಿಸಿಕೊಂಡಿದ್ದಾರೆ, ಎಂಬೆರಡನ್ನು ಮುಖ್ಯವಾಗಿ ಕೇಳುತ್ತಾನೆ. ಸಹಿಯನ್ನು ಕೇಳುವುದು ತಪ್ಪೆಂದು ಹಂಪೆಯ ನೆರೆಯಲ್ಲಿರುವವರು ಹೇಳಲಾರರು. ವಿಜಯನಗರದ ಅರಸರ ತಾಮ್ರಶಾಸನಗಳಲ್ಲಿ ಪಾಠ ಸಂಸ್ಕೃತವಾಗಿದ್ದು ಲಿಪಿ ನಂದಿನಾಗರಿಯಾಗಿದ್ದಾಗಲೂ, ಕೊನೆಯಲ್ಲಿ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತವಿರುತ್ತಿತ್ತು. ಶಾಸನವು ಅರಸನದೇ ಎಂಬುದಕ್ಕೆ ಅದು ಪ್ರಮಾಣ. ಇಂದಿನ ಗಣಿತಾತ್ಮಕವಾದ ಸಹಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಹಿಯಾದಮೇಲೆ ಕಡತದಲ್ಲಿ ಒಂದಕ್ಷರ ಬದಲಾದರೂ ಅದನ್ನು ಬಯಲಿಗೆಳೆಯುತ್ತದೆ. ತೊಡಕು ಬೇರೆ ಕಡೆ ಇದೆ: ಈ ಸಹಿಯ ಪ್ರಮಾಣಪತ್ರವನ್ನು ಹಣ ತೆತ್ತು ಪಡೆಯಬೇಕು, ಕಾಲಕಾಲಕ್ಕೆ ನವೀಕರಿಸಬೇಕು, 2023ರ ಜೂನ್‌ನಿಂದೀಚೆಗೆ ಅದರ ಗುಪ್ತಕೀಲಿಯನ್ನು ಪ್ರತ್ಯೇಕವಾದ ಭದ್ರ ಉಪಕರಣದಲ್ಲಿಯೇ ಇರಿಸಬೇಕೆಂಬ ನಿಯಮವೂ ಬಂದಿದೆ. ಭಾಷಾಭಿಮಾನದಿಂದ ದುಡಿಯುವ ಸಣ್ಣ ಬಳಗಗಳಿಗೆ ಇದು ಹೊರೆಯೇ ಸರಿ. ಜನಪ್ರಿಯತೆಯ ಲೆಕ್ಕದಲ್ಲಿಯಂತೂ ಇಂಗ್ಲಿಷಿನವುಗಳ ಮುಂದೆ ಕನ್ನಡದ ತಂತ್ರಾಂಶಗಳು ಎಂದೂ ಹಿಂದೆಯೇ.

ಇದರ ಮೇಲೆ ವೈರಸ್‌ನಿರೋಧಕಗಳ ಸಂಶಯವೊಂದು. ‘ನುಡಿ’ಯಂಥ ತಂತ್ರಾಂಶವು ನಾವು ಒತ್ತುವ ಪ್ರತಿಯೊಂದು ಕೀಲಿಯನ್ನೂ ನಡುದಾರಿಯಲ್ಲಿ ಹಿಡಿದು, ಇಂಗ್ಲಿಷಿನ ಅಕ್ಷರಕ್ಕೆ ಬದಲಾಗಿ ಕನ್ನಡದ ಅಕ್ಷರವನ್ನು ಮುಂದಕ್ಕೆ ಕಳಿಸಬೇಕು, ಪಾಸ್‌ವರ್ಡು ಕದಿಯುವ ದುಷ್ಟ ತಂತ್ರಾಂಶವೂ ಕೀಲಿಗಳನ್ನು ಅದೇ ನಡುದಾರಿಯಲ್ಲಿ ಕಾದು ಹಿಡಿಯುತ್ತದೆ. ಕೃತ್ಯ ಒಂದೇ ಆಗಿ ಉದ್ದೇಶ ಬೇರೆಯಾದಲ್ಲಿ, ಉದ್ದೇಶವನ್ನರಿಯದ ಯಂತ್ರವು ಸಜ್ಜನನನ್ನೂ ಶಂಕಿಸಿದರೆ ಅದನ್ನು ದೂರುವಂತಿಲ್ಲ.

ಯೂನಿಕೋಡಿನಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು, ವಿಂಡೋಸಿನೊಳಗೇ ಕನ್ನಡ ಕೀಲಿಮಣೆಯೂ ಇದೆ. ಹಾಗಿರುವಾಗ ಹಳೆಯದರ ಹಂಗೇಕೆ ಎಂದು ಕೇಳುವವರುಂಟು. ಯೂನಿಕೋಡ್‌ಪೂರ್ವದ ‘ನುಡಿ’ ಫಾಂಟುಗಳಲ್ಲಿ ಎರಡು ದಶಕ ಟೈಪು ಮಾಡಿದ ಕಡತಗಳು ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥಹೀನ ರೋಮನ್ ಅಕ್ಷರಗಳ ರಾಶಿಯಾಗಿ ತೋರುತ್ತವೆ ಎಂಬುದನ್ನು ಕಂಡವರು ಹಾಗೆ ಕೇಳುವುದಿಲ್ಲ.

ಇನ್ನು ಪೆನ್‌ಡ್ರೈವಿನ ಮಾತು. ಸೆಟಪ್ ಕಡತವನ್ನು ಅಂಗಡಿಯಿಂದ ಅಂಗಡಿಗೆ ಕೊಂಡೊಯ್ಯುವುದು ಅದರಲ್ಲಿಯೇ. ಆದರೆ ಸಾಮಾನ್ಯ ಪೆನ್‌ಡ್ರೈವಿನ ಕಡತವ್ಯವಸ್ಥೆಯಲ್ಲಿ ಮೇಲೆ ಹೇಳಿದ ಗುಪ್ತಚೀಟಿಯನ್ನು ಇಡಲು ಎಡೆಯಿಲ್ಲವಾಗಿ, ನಕಲು ಮಾಡಿದಾಗ ಅದು ಕಳಚಿಹೋಗುತ್ತದೆ, ಚೀಟಿಯಿಲ್ಲದ ಕಡತವನ್ನು ನೀಲಿ ಫಲಕ ತಡೆಯುವುದೂ ಇಲ್ಲ. ಮೂಲತಾಣದಿಂದ ನೇರವಾಗಿ ಬಂದದ್ದಕ್ಕೆ ತಡೆ, ಹತ್ತು ಯಂತ್ರಗಳ ಸೋಂಕು ತಗುಲಿರಬಹುದಾದುದಕ್ಕೆ ಮುಕ್ತದ್ವಾರ! ಅದಕ್ಕಿಂತಲೂ ಕೇಡಿನದು, ‘ಆ್ಯಂಟಿವೈರಸ್ ಆಫ್ ಮಾಡಿ ಹಾಕ್ರಿ’ ಎಂಬ ಉಪದೇಶ. ಒಮ್ಮೆ ಆಫ್ ಮಾಡಿದ್ದನ್ನು ಮತ್ತೆ ಆನ್ ಮಾಡುವ ನೆನಪು ಎಲ್ಲರಿಗೂ ಇರುವುದಿಲ್ಲ.

ಅದಿರಿನ ಗಣಿಗಳ ಸೀಮೆಯಾದ ಸಂಡೂರಿನ ಕಥೆ ಸಹಿಯಿಲ್ಲದ ಈ ವ್ಯವಹಾರಕ್ಕೆ ವಿಪರೀತವಾದದ್ದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿ, ಅದಿರನ್ನು ಮೇಲ್ವಿಚಾರಣಾ ಸಮಿತಿಯ ಮೂಲಕ ಇ-ಹರಾಜಿನಲ್ಲಿಯೇ ಮಾರಬೇಕೆಂದು ವಿಧಿಸಿದ ಮೇಲೆ, ಡಿಜಿಟಲ್ ಸಹಿಯೆಂಬುದು ಅದಿರಿನ ವ್ಯಾಪಾರಕ್ಕೆ ಅನಿವಾರ್ಯ ಸಾಧನವಾಯಿತು. ಅದಿರು ಕೊಳ್ಳುವವನಿಂದ ಸಹಿಯನ್ನು ನಿರೀಕ್ಷಿಸಿದ ವ್ಯವಸ್ಥೆಯು, ತಾನೇ ಮನ್ನಣೆಯಿತ್ತು ಹಂಚಿದ ಕನ್ನಡ ತಂತ್ರಾಂಶದ ಪ್ರತಿಯೊಂದು ಆವೃತ್ತಿಗೂ ಸಹಿಯಿರುವಂತೆ ನೋಡಿಕೊಳ್ಳಬೇಡವೆ? ಅದರ ವೆಚ್ಚವನ್ನು ಸರ್ಕಾರವೇ ಭರಿಸತಕ್ಕದ್ದೆಂಬುದು ನನ್ನ ಮತ. ಅದಾಗುವವರೆಗೆ ಅಂಗಡಿಯವರಲ್ಲಿ ಒಂದು ವಿಜ್ಞಾಪನೆ: ಯಾರದೋ ಪೆನ್‌ಡ್ರೈವಿನ ಪ್ರತಿಯನ್ನು ಬಿಟ್ಟು ತಯಾರಕರ ಅಧಿಕೃತ ತಾಣದಿಂದಲೇ ಹೊಸ ಆವೃತ್ತಿಯನ್ನು ಇಳಿಸಿಕೊಳ್ಳಿ, ಫಲಕ ತಡೆದರೆ ಆ ಒಂದು ಕಡತಕ್ಕೆ ಮಾತ್ರ ಅನುಮತಿ ಕೊಡಿ, ಕಾವಲನ್ನು ಪೂರ್ತಿಯಾಗಿ ತೆಗೆಯಬೇಡಿ.