ನೆಟ್ಟಗೆ ನಿಲ್ಲಿಸುವ ಕಿವಿ

ವುಝೂ ಮಾಡುವಾಗ ಒಂದು ಕಾಲನ್ನು ಎತ್ತಿ ನಲ್ಲಿಯ ಕೆಳಗೆ ಹಿಡಿಯುತ್ತೀರಲ್ಲವೇ? ಆಗ ಕಣ್ಣು ಮುಚ್ಚಿ ನೋಡಿ ಎಂದು ನಾವು ಹೇಳುವುದಿಲ್ಲ, ಬಿದ್ದುಬಿಟ್ಟೀರಿ! ನೆಲ ಒದ್ದೆ, ಊರಿದ್ದು ಒಂದೇ ಕಾಲು. ಕಣ್ಣೂ ಮುಚ್ಚಿದರೆ ದೇಹಕ್ಕೆ ಉಳಿಯುವುದು ಪಾದದ ಸ್ಪರ್ಶ ಮತ್ತು ಒಳಕಿವಿ.

ಒಳಕಿವಿ ಕೇಳುವುದಕ್ಕಷ್ಟೇ ಅಲ್ಲ. ಅಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ. ತಲೆ ತಿರುಗಿದಾಗ ದ್ರವ ಕ್ಷಣ ಹಿಂದುಳಿದು ಒಳಗಿನ ಸೂಕ್ಷ್ಮ ರೋಮಗಳನ್ನು ಬಾಗಿಸುತ್ತದೆ. ಪಕ್ಕದ ಎರಡು ಪುಟ್ಟ ಚೀಲಗಳಲ್ಲಿ ಸುಣ್ಣದ ಹರಳುಗಳಿವೆ. ತಲೆ ಯಾವ ಕಡೆ ವಾಲಿದೆ ಎಂಬುದನ್ನು ಅವು ತಿಳಿಸುತ್ತವೆ. ಸುದ್ದಿ ಮೆದುಳಿನ ಬುಡಕ್ಕೆ ಮುಟ್ಟುತ್ತಲೇ, ನೀವು ಯೋಚಿಸುವ ಮೊದಲೇ, ಕಾಲು, ಬೆನ್ನು, ಕುತ್ತಿಗೆಯ ಸ್ನಾಯುಗಳು ಬಿಗಿಯುತ್ತವೆ. ಇದೇ ಪ್ರತಿವರ್ತನೆ. ಸುಮ್ಮನೆ ನಿಂತಾಗಲೂ ದೇಹ ಸ್ವಲ್ಪ ತೂಗುತ್ತಿರುತ್ತದೆ, ಮೀನಖಂಡದ ಸ್ನಾಯು ಸರಿಪಡಿಸುತ್ತಲೇ ಇರುತ್ತದೆ.

ಕಿವಿಗೂ ಕಣ್ಣಿಗೂ ಜಗಳವಾದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಗೊತ್ತು. ಹನೂರಿನಿಂದ ತಾಳಬೆಟ್ಟ ದಾಟಿ ಮಲೆ ಮಹದೇಶ್ವರ ಬೆಟ್ಟ ಹತ್ತುವ ಬಸ್ಸು, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ಜೀಪು. ಮಗು ಮೊಬೈಲ್ ನೋಡುತ್ತಿದೆ: ಕಣ್ಣು 'ನಿಂತಿದ್ದೇವೆ' ಎನ್ನುತ್ತದೆ, ಕಿವಿ 'ತಿರುಗುತ್ತಿದ್ದೇವೆ' ಎನ್ನುತ್ತದೆ. ವಾಂತಿ ಆಗದೆ ಇನ್ನೇನು? ಮೊಬೈಲ್ ಕಸಿದುಕೊಳ್ಳಿ, ಮುಂದಿನ ರಸ್ತೆ ನೋಡಲು ಹೇಳಿ.

ಇನ್ನು ಮನೆಯ ಹಿರಿಯರ ವಿಷಯ. ಸುಜೂದ್‌ಗೆ ತಲೆ ಬಾಗಿಸಿದಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರ್ರನೆ ಸುತ್ತಿದಂತಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆಯೇ? 'ಪಿತ್ತ' ಎಂದು ನಿಂಬೆರಸ ಕುಡಿಸಿ ಕೂರಬೇಡಿ. ಚೀಲದ ಹರಳು ಜಾರಿ ನಾಳಕ್ಕೆ ಸೇರಿರಬಹುದು. ಕಿವಿ ವೈದ್ಯರು ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಅದನ್ನು ಮರಳಿ ಸ್ಥಳಕ್ಕೆ ತರುತ್ತಾರೆ. ಹೆಚ್ಚಿನವರಿಗೆ ಒಂದೆರಡು ಸಲದಲ್ಲೇ ವಾಸಿ. ತಲೆಸುತ್ತಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವುದು ಮಾತ್ರ ತಪ್ಪು. ಕಿವಿಗೆ ತಣ್ಣೀರು ಬಿಟ್ಟರೆ ತಲೆ ಸುತ್ತುವುದೇಕೆ ಎಂದು ಬಿಡಿಸಿ ಹೇಳಿದ ವಿಯೆನ್ನಾದ ವೈದ್ಯ ರಾಬರ್ಟ್ ಬರಾನಿಗೆ 1914ರ ನೊಬೆಲ್ ಸಿಕ್ಕಿತ್ತು.

ಎದ್ದು ನಿಂತ ಕೂಡಲೇ ಕಣ್ಣು ಕತ್ತಲಿಟ್ಟರೆ ಅದು ಬೇರೆ, ರಕ್ತದೊತ್ತಡ ಇಳಿದಿರಬಹುದು. ಸಕ್ಕರೆ ಕಾಯಿಲೆಯವರ ಪಾದ ಮರಗಟ್ಟಿದ್ದರೆ ನೆಲದ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟದು, ಅಂಥವರು ಕತ್ತಲಲ್ಲಿ ಬೇಗ ಎಡವುತ್ತಾರೆ. ಫಜ್ರ್‌ಗೆ ಏಳುವ ದಾದಾ, ನಾನಿಯರಿಗಾಗಿ ಬಚ್ಚಲಲ್ಲಿ ದೀಪ, ಗೋಡೆಗೊಂದು ಹಿಡಿ, ವುಝೂಗೆ ಕೂರಲು ಸ್ಟೂಲು ಇಡಿ. ನಿಲ್ಲಲಾಗದವರಿಗೆ ಕುಳಿತು ನಮಾಝ್ ಮಾಡುವ ರಿಯಾಯಿತಿ ಇದ್ದೇ ಇದೆ.

ತಲೆಸುತ್ತಿನ ಜೊತೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಸೋತರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೊರಡಿ. ತಲೆಸುತ್ತು ಮತ್ತೆ ಮತ್ತೆ ಬಂದರೆ ಕೊಳ್ಳೇಗಾಲದಿಂದ ಬಸ್ಸು ಹತ್ತಿ ಮೈಸೂರಿನ ಮಾನಸಗಂಗೋತ್ರಿಗೆ ಹೋಗಬಹುದು. ಅಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ಸಮತೋಲನವನ್ನೂ ಪರೀಕ್ಷಿಸುತ್ತಾರೆ. ಹೋಗುವಾಗ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ.